ಬೀಗದಕೈ ಯಾರ ಸೊಂಟದಲ್ಲಿ?

ಬ್ಲಾಕ್‌ಚೈನ್ ವೆಬ್ ಅಪ್ಲಿಕೇಶನ್ ಮಾಡೋಕೆ ಒಬ್ಬ ಫ್ರೀಲಾನ್ಸ್ ಫುಲ್‌ಸ್ಟಾಕ್ ಡೆವಲಪರ್ ಬೇಕು ಅಂತ ಲಿಂಕ್ಡ್‌ಇನ್‌ನಲ್ಲಿ ಎರಡು ಸಾಲು ಹಾಕಿ ನೋಡಿ. ಕಾಫಿ ಕುಡಿದು ಲೋಟ ಕೆಳಗಿಡೋ ಹೊತ್ತಿಗೆ ಮೂವತ್ತು ಮೆಸೇಜ್ ಬಂದಿರುತ್ತೆ. ಎಲ್ಲರಿಗೂ ಐದು ವರ್ಷದ ಅನುಭವ. ಎಲ್ಲರಿಗೂ ರಿಯಾಕ್ಟ್, ನೋಡ್, ಸಾಲಿಡಿಟಿ ಗೊತ್ತು. ಎಲ್ಲರೂ ನಾಳೆಯಿಂದಲೇ ಫ್ರೀ. ಹೋದ ಆಗಸ್ಟ್‌ನಲ್ಲಿ ನಾನು ಹಾಕಿದ ಪೋಸ್ಟಿಗೂ ಹಾಗೇ ಬಂದವು. ಬಜೆಟ್ ಎಷ್ಟು ಅಂತ ಎಲ್ಲರೂ ಕೇಳಿದರು. ಅದು ಯಾರ ದುಡ್ಡು ಅಂತ ಒಬ್ಬರೂ ಕೇಳಲಿಲ್ಲ.

ದುಡ್ಡು ಭೀಮನಬೀಡಿನದು. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮೂರ ಕಡೆಯ ಅರಿಸಿನ ಬೆಳೆಗಾರರು ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರೆ. 180 ಜನ, ತಲೆಗೆ 2000 ರೂಪಾಯಿ ಷೇರು. ನಮ್ಮ ಚಿಕ್ಕಪ್ಪ ಅದರ ಅಧ್ಯಕ್ಷ. ನಮ್ಮ ಕಡೆಯ ಅರಿಸಿನ ಹೆಚ್ಚಾಗಿ ಹೋಗೋದು ಈರೋಡಿಗೆ. ಅಲ್ಲಿ ಹೇಳಿದ್ದೇ ರೇಟು. ಹಾಗಿದ್ದಾಗ ಕೊಚ್ಚಿಯ ಕಡೆಯ ಒಬ್ಬ ರಫ್ತುದಾರರು, ಯಾವ ಹೊಲದ ಅರಿಸಿನ, ಯಾರು ಬೇಯಿಸಿದ್ದು, ಯಾವಾಗ ಒಣಗಿಸಿದ್ದು ಅನ್ನೋದಕ್ಕೆ ದಾಖಲೆ ಇದ್ದರೆ ನಿಮ್ಮಿಂದಲೇ ನೇರ ತಗೋತೀವಿ ಅಂದಿದ್ದರು. ಅವರು ತೋರಿಸಿದ ಸ್ಲೈಡಿನಲ್ಲಿ ಬ್ಲಾಕ್‌ಚೈನ್ ಅನ್ನೋ ಪದ ಇತ್ತು. ಸಭೆ ಮುಗಿಸಿಕೊಂಡು ಬಂದ ಚಿಕ್ಕಪ್ಪ ನನಗೆ ಫೋನ್ ಮಾಡಿದರು.

"ಅದೇನೋ ಬ್ಲಾಕ್‌ಚೈನ್ ಮಾಡ್ಸಿ ಅಂತಾವ್ರ ಕಣ್ಲಾ. ನೀ ಅದೇ ಕೆಲ್ಸದಲ್ಲಿದ್ದಯಲ್ಲ, ಒಬ್ಬ ಒಳ್ಳೆ ಹುಡುಗುನ್ನ ನೋಡು. ಮೂರು ಲಕ್ಷ ತೆಗೆದಿಟ್ಟಿವಿ."

ಆ ಮೂರು ಲಕ್ಷಕ್ಕೆ ಇನ್ನೊಂದು ಹಕ್ಕುದಾರ ಇತ್ತು. ಅರಿಸಿನ ಬೇಯಿಸೋ ಬಾಯ್ಲರ್ ಹಳೆಯದಾಗಿತ್ತು, ಅದಕ್ಕೇ ಹಾಕೋಣ ಅಂತ ಅರ್ಧ ಜನ ಸಭೆಯಲ್ಲಿ ಪಟ್ಟು ಹಿಡಿದಿದ್ದರು. ಚಿಕ್ಕಪ್ಪ ಅವರನ್ನೆಲ್ಲ ಒಪ್ಪಿಸಿ, ನಮ್ಮ ಹುಡುಗ ಬೆಂಗಳೂರಲ್ಲಿ ಇಂಜಿನಿಯರು, ಅವನು ನೋಡ್ಕತಾನೆ ಅಂತ ಮಾತು ಕೊಟ್ಟುಬಿಟ್ಟಿದ್ದರು. ಕಂಪನಿಯಲ್ಲಿ ಒಂದು ಹೈರಿಂಗ್ ಕೈಕೊಟ್ಟರೆ ಎಚ್‌ಆರ್‌ಗೆ ಮೇಲ್ ಹಾಕಿ ಇನ್ನೊಬ್ಬರನ್ನು ಹುಡುಕಬಹುದು. ಇಲ್ಲಿ ಕೈಕೊಟ್ಟರೆ ಮುಂದಿನ ಹಬ್ಬಕ್ಕೆ ಚಿಕ್ಕಪ್ಪ ಊರ ಅರಳಿಕಟ್ಟೆ ಮೇಲೆ ಕೂರೋ ಹಾಗಿರಲಿಲ್ಲ.

ಇದೇನು ಗಾಳಿಮಾತಿನ ಯೋಜನೆಯಲ್ಲ. 2019ರ ಮಾರ್ಚ್‌ನಲ್ಲಿ ಕಾಫಿ ಬೋರ್ಡ್, ಬೆಳೆಗಾರರು ನೇರವಾಗಿ ಮಾರಲಿ ಅಂತ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಶುರುಮಾಡಿತ್ತು. 2021ರಲ್ಲಿ ಸಾಂಬಾರ ಮಂಡಳಿ ಮತ್ತು ಯುಎನ್‌ಡಿಪಿ ಆಂಧ್ರದ ಮೆಣಸಿನಕಾಯಿ, ಅರಿಸಿನ ಬೆಳೆಗಾರರಿಗಾಗಿ ಇಂಥದ್ದೇ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡವು. ಅರಿಸಿನಕ್ಕೆ ಊರು ಕೇರಿ ಕೇಳೋದಕ್ಕೂ ಕಾರಣ ಇದೆ. ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಬೆರೆಸೋ ಚಾಳಿ ಬಾಂಗ್ಲಾದೇಶದಲ್ಲಿ ಇದ್ದದ್ದನ್ನು 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಪತ್ತೆ ಹಚ್ಚಿದ್ದರು. ಅದು ಸೀಸ, ಮಕ್ಕಳ ಮಿದುಳಿಗೆ ವಿಷ. ವಿದೇಶದ ಗಿರಾಕಿ ಗಾಬರಿಯಾಗೋದು ಸಹಜ.

ಚಿಕ್ಕಪ್ಪನಿಗೆ ನಾನು ಬ್ಲಾಕ್‌ಚೈನನ್ನು ವಿವರಿಸಿದ್ದು ಹೀಗೆ: ಅಂಗಡಿಯ ದಿನವಹಿ ಪುಸ್ತಕ ಇದೆ ಅಂದುಕೊಳ್ಳಿ. ಪ್ರತಿ ಹಾಳೆಯ ತಲೆಯಲ್ಲಿ ಹಿಂದಿನ ಹಾಳೆಯ ಒಟ್ಟು ಲೆಕ್ಕದಿಂದ ಹುಟ್ಟಿದ ಒಂದು ಗುರುತು ಇರುತ್ತೆ. ಹಿಂದಿನ ಹಾಳೆಯಲ್ಲಿ ಒಂದು ಸೊನ್ನೆ ತಿದ್ದಿದರೂ ಮುಂದಿನ ಹಾಳೆಗಳ ಗುರುತೆಲ್ಲ ತಪ್ಪಾಗುತ್ತೆ. ಆ ಪುಸ್ತಕದ ನಕಲು ಸಾವಿರಾರು ಮನೆಗಳಲ್ಲಿ ಇರುತ್ತೆ. ಯಾರೋ ಒಬ್ಬ ರಾತ್ರಿ ಕೂತು ತಿದ್ದೋಕಾಗಲ್ಲ.

"ತಿದ್ದಕ್ಕಾಗಲ್ಲ ಸರಿ," ಅಂದರು ಚಿಕ್ಕಪ್ಪ. "ಮೊದಲ್ಗೇ ಸುಳ್ಳು ಬರುದ್ರ?"

ಉತ್ತರ ಅವರಿಗೂ ಗೊತ್ತಿತ್ತು. ನಮ್ಮ ರಾಜ್ಯದಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದದ್ದನ್ನು ಅವರು ಕಣ್ಣಾರೆ ಕಂಡವರು. 'ಭೂಮಿ' ಯೋಜನೆ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ದಾಖಲೆಗಳನ್ನು ಶಾನುಭೋಗಿಕೆಯ ಕೈಬರಹದಿಂದ ಬಿಡಿಸಿ ಪ್ರಿಂಟಿಗೆ ತಂದಿತು. ಅದು ಸಣ್ಣ ಸಾಧನೆಯಲ್ಲ, ಹದಿನೈದು ರೂಪಾಯಿಗೆ ಪಹಣಿ ಕೈಗೆ ಸಿಗೋ ಹಾಗಾಯ್ತು. ಆದರೆ ಹಳೇ ಪುಸ್ತಕದಲ್ಲಿ ಯಾರ ಹೆಸರು ತಪ್ಪಾಗಿತ್ತೋ, ಯಾರದು ಸತ್ತ ಮೇಲೂ ಬದಲಾಗಿರಲಿಲ್ಲವೋ, ಅದೆಲ್ಲ ಕಂಪ್ಯೂಟರಿನಲ್ಲಿ ತಾನಾಗಿ ಸರಿಹೋಗಲಿಲ್ಲ. ಯಂತ್ರಕ್ಕೆ ಅದು ಗೊತ್ತಾಗೋದಾದರೂ ಹೇಗೆ?

ಇನ್ನು ಅರ್ಜಿ ಹಾಕಿದವರ ವಿಷಯ. ಒಬ್ಬರು ಹನ್ನೆರಡು ಲಕ್ಷದ ಪ್ರಸ್ತಾವ ಕಳಿಸಿದರು. ಅದರಲ್ಲಿ ನಮ್ಮ ಗುಂಪಿಗೆ ಅಂತಲೇ ಒಂದು ಹೊಸ ಕಾಯಿನ್ ಕೂಡ ಇತ್ತು. ಚಿಕ್ಕಪ್ಪನಿಗೆ ಓದಿ ಹೇಳಿದೆ. "ಅರಿಸಿನುಕ್ಕೇ ಗಿರಾಕಿ ಹುಡುಕ್ತಾ ಇವಿ, ಇನ್ನು ಅರಿಸಿನದ್ ಕಾಯಿನ್ನ ಯಾರ್ ತಗಂಡಾರು?" ಅಂದರು. ಅಲ್ಲಿಗೆ ಅದು ಮುಗಿಯಿತು.

ಇನ್ನೊಬ್ಬರ ಹಳೇ ಕೆಲಸದ ಪಟ್ಟಿ ಎರಡು ಪುಟ ಇತ್ತು, ಲಿಂಕ್ ಒತ್ತಿದರೆ ಒಂದೂ ತೆರೆಯುತ್ತಿರಲಿಲ್ಲ. ಕೇಳಿದಾಗ, ಅವೆಲ್ಲ ಪಾಲಿಗಾನ್‌ನ 'ಮುಂಬೈ' ಪರೀಕ್ಷಾ ಜಾಲದಲ್ಲಿದ್ದವು, 2024ರ ಏಪ್ರಿಲ್‌ನಲ್ಲಿ ಅದನ್ನೇ ಮುಚ್ಚಿದರು ಅಂದರು. ಮುಚ್ಚಿದ್ದು ನಿಜ. ಅದಕ್ಕೇ ಅವರನ್ನು ಸುಳ್ಳುಗಾರ ಅನ್ನಲ್ಲ. ಆದರೆ ಅಷ್ಟೂ ಕೆಲಸದಲ್ಲಿ ಒಂದೂ ನಿಜವಾದ ಜಾಲಕ್ಕೆ ಏರಿರಲಿಲ್ಲ, ಅಂದರೆ ಒಬ್ಬ ಗಿರಾಕಿಯೂ ಅದನ್ನು ದಿನಾ ಬಳಸಿರಲಿಲ್ಲ ಅನ್ನೋದು ಅದರಿಂದಲೇ ಗೊತ್ತಾಯ್ತು.

ಮೂರನೆಯವರು ಬಹಳ ನಯವಾಗಿ ಮಾತಾಡಿದರು, ಕ್ಯಾಮೆರಾ ಮಾತ್ರ ಆನ್ ಮಾಡಲಿಲ್ಲ. ನನ್ನ ಕೋಡ್ ಕಳಿಸ್ತೀನಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿ ಅಂದರು. ಓಡಿಸಲಿಲ್ಲ. ನೀವೂ ಓಡಿಸಬೇಡಿ. ಉತ್ತರ ಕೊರಿಯಾದ ಐಟಿ ಕೆಲಸಗಾರರು ಬೇರೆ ದೇಶದವರ ವೇಷದಲ್ಲಿ ಫ್ರೀಲಾನ್ಸ್ ಕೆಲಸ ಹಿಡಿಯುತ್ತಾರೆ ಅಂತ 2022ರ ಮೇ ತಿಂಗಳಲ್ಲೇ ಅಮೆರಿಕದ ಸರ್ಕಾರ ಎಚ್ಚರಿಕೆ ಹೊರಡಿಸಿತ್ತು. ಇಂಟರ್‌ವ್ಯೂ ಹೆಸರಲ್ಲಿ ಕೋಡ್ ಕೊಟ್ಟು, ಅದನ್ನು ಇನ್‌ಸ್ಟಾಲ್ ಮಾಡಿದ ಕೂಡಲೇ ಪಾಸ್‌ವರ್ಡ್, ವ್ಯಾಲೆಟ್ ಎಲ್ಲ ಬಾಚಿಕೊಂಡು ಹೋಗೋದು ಈಗ ಹಳೇ ತಂತ್ರ. ನಮ್ಮ ಬೆಂಗಳೂರಿನಲ್ಲೇ, 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋಯ್ತಲ್ಲ, ಅದರ ತನಿಖೆಯಲ್ಲಿ ಹೊರಬಂದದ್ದೂ ಒಂದು ಆಫೀಸ್ ಲ್ಯಾಪ್‌ಟಾಪ್, ಅದರಲ್ಲಿ ಹೊರಗಿನವರಿಗೆ ಮಾಡಿಕೊಟ್ಟ ಪಾರ್ಟ್-ಟೈಮ್ ಕೆಲಸದ ಕಥೆಯೇ ಅಂತ ಪತ್ರಿಕೆಗಳು ಬರೆದವು. ಕೆಲಸ ಕೊಡೋರು, ಕೆಲಸ ಕೇಳೋರು, ಇಬ್ಬರೂ ಹೆದರಬೇಕಾದ ಕಾಲ.

ಈ ಕೆಲಸಕ್ಕೆ ಜನ ಹುಡುಕೋದು ಮಾಮೂಲಿ ವೆಬ್‌ಸೈಟಿಗೆ ಹುಡುಕಿದ ಹಾಗಲ್ಲ. ವೆಬ್‌ಸೈಟಿನಲ್ಲಿ ತಪ್ಪಾದರೆ ಶುಕ್ರವಾರ ಸಂಜೆ ಬೈಕೊಂಡು ಸರಿಮಾಡ್ತೀವಿ. ಚೈನ್ ಮೇಲೆ ಏರಿಸಿದ ಕೋಡ್ ಸಾಮಾನ್ಯವಾಗಿ ಹಾಗೆ ಕೈಗೆ ಸಿಗಲ್ಲ. 2017ರ ನವೆಂಬರಿನಲ್ಲಿ ಪ್ಯಾರಿಟಿ ಅನ್ನೋ ವ್ಯಾಲೆಟ್ಟಿನ ಮೂಲ ಕೋಡನ್ನು ಯಾರೋ ಒಬ್ಬರು ಗೊತ್ತಿಲ್ಲದೇ ಅಳಿಸಿಬಿಟ್ಟರು. 5 ಲಕ್ಷಕ್ಕೂ ಹೆಚ್ಚು ಈಥರ್ ಬೀಗ ಬಿದ್ದಂತೆ ಒಳಗೇ ಉಳಿಯಿತು. ಕಳ್ಳತನವೂ ಅಲ್ಲ, ಯಾರಿಗೂ ಸಿಗಲೂ ಇಲ್ಲ.

ಹಾಗಾಗಿ ನಾನು ಕೋಡಿಂಗ್ ಟೆಸ್ಟ್ ಇಡಲಿಲ್ಲ. ಉಳಿದ ನಾಲ್ಕು ಜನಕ್ಕೆ ಒಂದೇ ಮಾತು ಹೇಳಿದೆ: ಎಂಟು ಸಾವಿರ ಕೊಡ್ತೀವಿ, ಬಸ್ ಚಾರ್ಜ್ ಬೇರೆ. ಒಂದು ದಿನ ಊರಿಗೆ ಬಂದು ಅರಿಸಿನ ಗೋಡೌನಿಗೆ ಬಂದು ಹೋಗೋ ತನಕ ಏನೇನಾಗುತ್ತೆ ನೋಡಿ. ಆಮೇಲೆ ಎರಡು ಪುಟ ಬರೆದುಕೊಡಿ, ಕನ್ನಡದಲ್ಲಿ. ಕೋಡ್ ಬೇಡ. ಇಬ್ಬರು ರಿಮೋಟ್ ಮಾತ್ರ ಅಂದರು. ಒಬ್ಬರು ಬರ್ತೀನಿ ಅಂದವರು ಬರಲಿಲ್ಲ. ಕೊಳ್ಳೇಗಾಲದ ಕಡೆಯ ಹುಡುಗಿ, ಮೈಸೂರಲ್ಲಿ ರೂಮ್ ಮಾಡಿಕೊಂಡು ಫ್ರೀಲಾನ್ಸ್ ಮಾಡೋರು, ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ಇಳಿದು ಅಲ್ಲಿಂದ ಫೋನ್ ಮಾಡಿದರು.

ಆಗ ಹೊಸ ಅರಿಸಿನದ ಕಾಲ ಅಲ್ಲ, ಅದು ಕಿತ್ತೋದು ಜನವರಿಯಿಂದ. ಒಣಗಿಸಿಟ್ಟ ಹಳೇ ಸರಕು ತೂಕಕ್ಕೆ ಬರ್ತಿತ್ತು. ಆಯಮ್ಮ ಇಡೀ ದಿನ ತಕ್ಕಡಿ ಪಕ್ಕ ಕೂತರು. ಮಧ್ಯಾಹ್ನ ನಮ್ಮ ಚಿಕ್ಕಮ್ಮ ಮುದ್ದೆ, ಉಪ್ಸಾರು ಬಡಿಸಿದಾಗಲೂ ಮಾತು ಕಮ್ಮಿ. ಸಂಜೆ ಹೊರಡೋ ಮುಂಚೆ ಒಂದೇ ಪ್ರಶ್ನೆ ಕೇಳಿದರು.

"ಯಜಮಾನ್ರೇ, ತಕ್ಕಡಿಯಲ್ಲಿ ಒಂದು ತೂಕ ಬರುತ್ತೆ, ಪುಸ್ತಕದಲ್ಲಿ ಅದಕ್ಕಿಂತ ಒಂದೂವರೆ ಕೆಜಿ ಕಮ್ಮಿ ಬರೀತಾರೆ. ಚೈನ್ ಮೇಲೆ ಯಾವ ತೂಕ ಹಾಕೋದು?"

ಗೋಡೌನಿನಲ್ಲಿ ಯಾರೂ ಮಾತಾಡಲಿಲ್ಲ. ತೇವಕ್ಕೆ, ಮಣ್ಣಿಗೆ ಅಂತ ಮೂಟೆಗೆ ಒಂದೂವರೆ ಕೆಜಿ ಕಳೆಯೋದು ನಮ್ಮ ಗುಂಪು ಹುಟ್ಟೋಕೆ ಮುಂಚಿನ ರೂಢಿ. ವ್ಯಾಪಾರಿಗಳು ಕಳೀತಿದ್ದರು, ಗುಂಪು ಬಂದ ಮೇಲೂ ಹಾಗೇ ನಡೆದುಕೊಂಡು ಬಂದಿತ್ತು. ಹೆಚ್ಚಿಗೆ ಉಳಿದದ್ದು ಗುಂಪಿನ ಖರ್ಚಿಗೇ ಹೋಗುತ್ತೆ ಅನ್ನೋದು ಎಲ್ಲರ ನಂಬಿಕೆ, ಆದರೆ ಅದನ್ನು ಬರೆದಿಟ್ಟವರು ಯಾರೂ ಇರಲಿಲ್ಲ. ತೂಕ ಹಾಕೋರು ಚಿಕ್ಕಪ್ಪನ ಬಾಲ್ಯದ ಗೆಳೆಯರು. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು.

ಆ ರಾತ್ರಿ ಚಿಕ್ಕಪ್ಪ ನನ್ನ ಮೇಲೆ ರೇಗಿದರು. "ಕಂಪ್ಯೂಟರ್ ಮಾಡೋ ಹುಡುಗುನ್ನ ತತ್ತಾ ಅಂದ್ರ ಆಡಿಟರ್ನ ಕರಕಂಡ್ ಬಂದಿದ್ದಯಲ್ಲೋ." ನಾನು ಏನೂ ಹೇಳಲಿಲ್ಲ. ಅವರು ರೇಗಿದ್ದು ಗೆಳೆಯನ ಮುಖ ನೆನೆಸಿಕೊಂಡು ಅಂತ ಗೊತ್ತಿತ್ತು.

ಎರಡು ಪುಟದ ಬರಹ ಮೂರನೇ ದಿನ ಬಂತು. ಅದರ ಸಾರಾಂಶ ಹೇಳ್ತೀನಿ, ಯಾಕಂದ್ರೆ ಇಂಥ ಕೆಲಸಕ್ಕೆ ಜನ ಹುಡುಕೋ ಯಾರಿಗಾದರೂ ಇದೇ ಅಳತೆಗೋಲು ಅನ್ನಿಸುತ್ತೆ. 180 ಜನ ರೈತರ ಲೆಕ್ಕಕ್ಕೆ ಎಲ್ಲವನ್ನೂ ಬ್ಲಾಕ್‌ಚೈನ್ ಮೇಲೆ ಹಾಕೋ ಅಗತ್ಯ ಇಲ್ಲ, ಮಾಮೂಲಿ ಡೇಟಾಬೇಸ್ ಸಾಕು. ದಿನದ ಲೆಕ್ಕ ಮುಗಿದ ಮೇಲೆ ಆ ದಿನದ ಎಲ್ಲ ದಾಖಲೆಯಿಂದ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಒಂದು ಗುರುತು ತೆಗೆದು, ಅದನ್ನು ಮಾತ್ರ ಸಾರ್ವಜನಿಕ ಚೈನ್ ಮೇಲೆ ಹಾಕಿದರೆ ಆಯ್ತು. ಆಮೇಲೆ ಯಾರು ಡೇಟಾಬೇಸ್ ತಿದ್ದಿದರೂ ಗುರುತು ಹೊಂದಲ್ಲ, ಸಿಕ್ಕಿಬೀಳ್ತಾರೆ. ಖರ್ಚು ತಿಂಗಳಿಗೆ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಆಗಲ್ಲ. ರೈತರ ಹೆಸರು, ಫೋನ್ ನಂಬರ್ ಚೈನ್ ಮೇಲೆ ಹಾಕಲೇಬಾರದು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ನನ್ನ ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕು ಜನಕ್ಕಿದೆ, ಚೈನ್ ಮೇಲಿಂದ ಅಳಿಸೋದು ಹೇಗೆ? ತಪ್ಪು ಬರೆದರೆ ಅಳಿಸದೇ, ಕೆಳಗೆ ಇನ್ನೊಂದು ಸಾಲು ಬರೆದು ಸರಿಪಡಿಸಬೇಕು, ಶೆಟ್ಟರ ಅಂಗಡಿ ಲೆಕ್ಕದ ಹಾಗೆ. ಕೊನೆಯ ಪ್ರಶ್ನೆ ಇದು: ಚೈನಿಗೆ ಬರೆಯೋ ಬೀಗದಕೈ ಯಾರ ಹತ್ರ ಇರುತ್ತೆ? ನನ್ನ ಹತ್ರ ಇರಬಾರದು ಅಂತ ಅವರೇ ಬರೆದಿದ್ದರು.

ಡೆವಲಪರ್ ಆಗಿ ಹನ್ನೆರಡು ವರ್ಷ ಆಯ್ತು ನನಗೆ. ಬರಬೇಕಾದ ಕೆಲಸವನ್ನು ಅರ್ಧ ಕಮ್ಮಿ ಮಾಡಿಕೊಂಡು, ಕೈಗೆ ಬರೋ ಅಧಿಕಾರವನ್ನೂ ಬೇಡ ಅಂದು ಕೊಟೇಶನ್ ಕೊಟ್ಟವರನ್ನು ನೋಡಿದ್ದು ಇದೇ ಮೊದಲು. 2,40,000 ರೂಪಾಯಿ, ನಾಲ್ಕು ಕಂತು.

ಸಭೆಯಲ್ಲಿ ಗದ್ದಲ ಆಯ್ತು. "ನಾವ್ ಕೇಳಿದ್ದು ಪೂರ್ತಿ ಬ್ಲಾಕ್‌ಚೈನು, ಈವಮ್ಮ ಕೊಡದು ದಿನುಕ್ಕೊಂದ್ ಗುರ್ತಾ?" ಅಂತ ಒಬ್ಬರು. ಬಾಯ್ಲರ್ ಪಕ್ಷದವರು ನಕ್ಕರು. ಒಂದೂವರೆ ಕೆಜಿ ವಿಷಯ ಬಂದಾಗ ಮಾತ್ರ ಯಾರೂ ನಗಲಿಲ್ಲ. ಕೊನೆಗೆ ಮಾತಾಡಿದ್ದು ಅರಿಸಿನ ಬೇಯಿಸೋ ಕೆಲಸ ನೋಡಿಕೊಳ್ಳೋ ಸ್ವಸಹಾಯ ಸಂಘದ ಅಕ್ಕ. "ತೇವ ಇದ್ರ ಕಳೀರಿ, ಬ್ಯಾಡ ಅನ್ನಲ್ಲ. ಎಲ್ಲರ್ದೂ ಒಂದೇ ತೇವ ಎಂಗಾದ್ದು? ನಾ ಒಣಗ್ಸಿರದುಕ್ಕೂ ಒಂದೂವರೆ, ಮಳೇಲಿ ನೆನ್ಸಿದೋರ್ದುಕ್ಕೂ ಒಂದೂವರೆಯ?"

ಆ ಮಾತಿಗೆ ಉತ್ತರ ಇರಲಿಲ್ಲ. ಚೆನ್ನಾಗಿ ಒಣಗಿದ ಅರಿಸಿನದಲ್ಲಿ ತೇವ ಶೇ. 10ರ ಆಸುಪಾಸು ಇರಬೇಕು, ಅದನ್ನು ಅಳೆಯೋ ಮೀಟರ್ ಸಿಗುತ್ತೆ. ಉಳಿದ ದುಡ್ಡಿನಲ್ಲಿ ಒಂದು ತೇವದ ಮೀಟರ್ ತಗೊಳ್ಳೋದು, ತಕ್ಕಡಿಯ ತೂಕ, ತೇವ, ಕಳೆದದ್ದು ಮೂರನ್ನೂ ಬೇರೆ ಬೇರೆ ಬರೆಯೋದು ಅಂತ ತೀರ್ಮಾನ ಆಯ್ತು. ಚಿಕ್ಕಪ್ಪ ಗೆಳೆಯರ ಮನೆಗೆ ತಾವೇ ಹೋಗಿ, ಮೀಟರ್ ಹಿಡಿಯೋ ಕೆಲಸ ನಿಂದೇ ಅಂತ ಕರೆದುಕೊಂಡು ಬಂದರು. ಬಂದರು, ಆದರೆ ಒಂದು ತಿಂಗಳು ನನ್ನನ್ನು ಮಾತಾಡಿಸಲಿಲ್ಲ.

ಕರಾರು ಬರೆದದ್ದು ನಾನು. ಫ್ರೀಲಾನ್ಸರ್‌ಗಳ ಜೊತೆ ಕೆಲಸ ಮಾಡೋ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೌಕರ ಬರೆದ ಕೋಡ್ ಮಾಲೀಕರದ್ದು. ಆದರೆ ಫ್ರೀಲಾನ್ಸರ್ ಬರೆದದ್ದು, ದುಡ್ಡು ಕೊಟ್ಟ ಮಾತ್ರಕ್ಕೆ ನಮ್ಮದಾಗಲ್ಲ. ಲಿಖಿತವಾಗಿ ವರ್ಗಾಯಿಸಬೇಕು. ವರ್ಗಾಯಿಸುವಾಗ ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾಯ್ದೆ ಲೆಕ್ಕ ಹಾಕುತ್ತೆ. ಅರಿಸಿನ ಹೊರದೇಶಕ್ಕೆ ಹೋಗೋದು, ಹಾಗಾಗಿ ಎರಡನ್ನೂ ಬಿಡಿಸಿ ಬರೆದೆವು. ಡೊಮೇನ್, ಹೋಸ್ಟಿಂಗ್, ಕೋಡ್ ಇಡೋ ಜಾಗ ಎಲ್ಲ ಮೊದಲ ದಿನದಿಂದ ಗುಂಪಿನ ಇಮೇಲ್ ಹೆಸರಲ್ಲಿ. ಆಯಮ್ಮನ ಪರವಾಗಿಯೂ ಒಂದು ಷರತ್ತು ಹಾಕಿದೆವು: ಕೆಲಸ ತೋರಿಸಿದ ಏಳು ದಿನದೊಳಗೆ ಕಂತು ಕೊಡಬೇಕು, ಇಲ್ಲವಾದರೆ ಮುಂದಿನ ಕೆಲಸ ನಿಲ್ಲಿಸೋ ಹಕ್ಕು ಅವರದು. ಕೆಲಸ ಮಾಡಿಸಿಕೊಂಡು ದುಡ್ಡಿಗೆ ಅಲೆಸೋರು ನಗರದಲ್ಲೂ ಇದ್ದಾರೆ, ಹಳ್ಳಿಯಲ್ಲೂ ಇದ್ದಾರೆ.

ಬೀಗದಕೈ ಮೂರಾಯ್ತು. ಒಂದು ಕಾರ್ಯದರ್ಶಿ ಹತ್ರ, ಒಂದು ಚಿಕ್ಕಪ್ಪನ ಹತ್ರ, ಒಂದು ಆ ಅಕ್ಕನ ಹತ್ರ. ಮೂವರಲ್ಲಿ ಇಬ್ಬರು ಒಪ್ಪಿದರೆ ಮಾತ್ರ ದಿನದ ಗುರುತು ಚೈನಿಗೆ ಹೋಗುತ್ತೆ. ಅಷ್ಟಕ್ಕೇ ಸುರಕ್ಷಿತ ಅಂದುಕೊಳ್ಳೋ ಹಾಗಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಹೋದದ್ದು ಹಲವರು ಸೇರಿ ಸಹಿ ಹಾಕಬೇಕಾದ ವ್ಯಾಲೆಟ್ಟಿನಿಂದಲೇ. ಸಹಿ ಹಾಕೋರ ಕಣ್ಣಿಗೆ ಕಂಡದ್ದು ಒಂದು, ಅವರ ಸಹಿ ಬಿದ್ದದ್ದು ಇನ್ನೊಂದಕ್ಕೆ. ಅದಕ್ಕೇ ಆಯಮ್ಮ ಪರದೆ ಮೇಲೆ ಎರಡೇ ಅಂಕಿ ದೊಡ್ಡದಾಗಿ ಬರೋ ಹಾಗೆ ಮಾಡಿದರು: ಇವತ್ತು ಎಷ್ಟು ಮೂಟೆ, ಒಟ್ಟು ಎಷ್ಟು ಕೆಜಿ. ತಮ್ಮ ಚೀಟಿಯಲ್ಲಿ ಬರೆದುಕೊಂಡದ್ದಕ್ಕೆ ಅದು ಹೊಂದಿದರೆ ಮಾತ್ರ ಒತ್ತಬೇಕು.

ಕೊಚ್ಚಿಯವರು ಇದೇ ಸಾಕು ಅಂದರು. ರೇಟು ಹೆಚ್ಚಿಗೆ ಕೊಡ್ತೀವಿ ಅಂತ ಇನ್ನೂ ಬಾಯಿಬಿಟ್ಟಿಲ್ಲ, ಮೊದಲ ಲೋಡು ಹೋಗಿ ಪರೀಕ್ಷೆ ಆಗಬೇಕು. ಬಾಯ್ಲರ್ ಇನ್ನೂ ಹಳೆಯದೇ.

ಫೆಬ್ರವರಿಯಲ್ಲಿ ಹೊಸ ಅರಿಸಿನ ಬಂದಾಗ ಒಂದು ವಾರ ರಜೆ ಹಾಕಿ ಊರಲ್ಲಿದ್ದೆ. ನಾಲ್ಕನೇ ದಿನ ಸಂಜೆ ಕಾರ್ಯದರ್ಶಿ ಊರಲ್ಲಿರಲಿಲ್ಲ. ಚಿಕ್ಕಪ್ಪ ಒತ್ತಿದರು. ಅಕ್ಕ ಫೋನನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನ ಗಂಟಿನಿಂದ ಚೀಟಿ ತೆಗೆದು ನೋಡಿ, ಫೋನ್ ಕೆಳಗಿಟ್ಟರು.

"ನಾ ಒತ್ತಲ್ಲ ಕಣಣ್ಣ. ಇದ್ರಲ್ಲಿ ನಲವತ್ಮೂರು ಅದ. ನಾ ಎಣ್ಸಿರದು ನಲವತ್ತೆರಡು."

"ಒಂದ್ ಮೂಟೆಗ ಏನಾದ್ದವ್ವ, ಬೆಳಿಗ್ಗೆ ನೋಡ್ಕಂಡ್ರಾಯ್ತು" ಅಂದರು ಚಿಕ್ಕಪ್ಪ. ಅಕ್ಕ ತಲೆ ಅಲ್ಲಾಡಿಸಿದರು. ಚಿಕ್ಕಪ್ಪ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಗೋಡೌನಿನ ಕದ ತೆಗೆಸಿ, ಟಾರ್ಚ್ ಹಿಡಿದು ತಾವೇ ಒಂದರಿಂದ ಎಣಿಸೋಕೆ ಶುರುಮಾಡಿದರು. ತೂಕ ಹಾಕೋ ಯಜಮಾನರು ಆ ತುದಿಯಿಂದ ಎಣಿಸುತ್ತಾ ಬಂದರು. ಇಬ್ಬರೂ ಮಧ್ಯದಲ್ಲಿ ಸೇರಿದಾಗ ಲೆಕ್ಕ ನಲವತ್ತೆರಡೇ. ಒಂದು ಮೂಟೆ ಎರಡು ಸಲ ಬರೆದಿತ್ತು. ಕೆಳಗೆ ಇನ್ನೊಂದು ಸಾಲು ಬರೆದು ಸರಿಪಡಿಸಿದ ಮೇಲೆ ಅಕ್ಕ ಒತ್ತಿದರು, ಆಗ ಗಂಟೆ ಒಂಬತ್ತೂವರೆ.